ಎಡಗಡೆ ಮೂರು ಬೆರಳು ಜಾಗ

ಪ್ರಯೋಗಾಲಯ, ಮೂರನೇ ಮಹಡಿ
ಫೆಬ್ರವರಿ 11

ಪ್ರೀತಿಯ ಅಕ್ಕನಿಗೆ,

ನಿನ್ನ ಇಲಿ ಮಾಡುವ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ, ಎಡಗಾಲಿನ ಮಂಡಿ ಮಾತ್ರ ಮೂರನೇ ಮಹಡಿ ಹತ್ತುವಾಗ ದಿನಕ್ಕೆ ಎರಡು ಸಲ ನನ್ನ ವಯಸ್ಸು ನೆನಪಿಸುತ್ತದೆ. ನಿನ್ನ ಕಾಗದ ಬಂದು ಹದಿನೆಂಟು ದಿನ ಆಯಿತು. ಬೈದುಕೊಳ್ಳುತ್ತಿರುತ್ತೀಯ, ಗೊತ್ತು. ಮರೆತು ಸುಮ್ಮನಿದ್ದದ್ದಲ್ಲ. ಅದನ್ನು ಬಿಳಿ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಮೊನ್ನೆ ಕೋಟು ಒಗೆಯಲು ಹೋಗಿಬಿಟ್ಟಿತ್ತು, ಲಾಂಡ್ರಿಯವನ ಮೂಟೆಯೊಳಗೆ ಮೊಣಕೈವರೆಗೆ ಕೈ ಹಾಕಿ ಹುಡುಕಿ ತೆಗೆದೆ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನಿನ್ನ ಮೊಬೈಲಿಗೆ ಮಾತಾಡಿದರೆ ಎದುರು ಮನೆಯವರೂ ಉತ್ತರ ಕೊಡುತ್ತಾರೆ. ನೀನು ಕೇಳಿರುವುದೋ, ಪಕ್ಕದ ಕುರ್ಚಿಯಲ್ಲೇ ಕೂತಿರುವ ಭಾವನ ವಿಷಯ.

ನೀನು ಬರೆದದ್ದನ್ನು ನಿನ್ನ ಮಾತಿನಲ್ಲೇ ಇಲ್ಲಿ ಇಳಿಸುತ್ತೇನೆ, ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೋ ನೋಡು. “ಎರಡು ವರ್ಷ ಆಯ್ತು ಕಣೆ. ರಕ್ತದ ಕ್ಯಾನ್ಸರ್ ಹೋಯ್ತು, ಮನುಷ್ಯ ಮಾತ್ರ ವಾಪಸ್ ಬರಲಿಲ್ಲ. ಒಂದು ಲೋಟ ನೀರು ಕೊಟ್ರೂ ‘ಧನ್ಯವಾದ’ ಅಂತಾರೆ. ಅಡುಗೆಮನೆಗೆ ಬರೋಕೆ ಮುಂಚೆ ಬಾಗಿಲು ತಟ್ಟುತ್ತಾರೆ. ನನ್ನ ಹತ್ರ ಏನೂ ಕೇಳಲ್ಲ. ಉಪ್ಪು ಕೂಡ ಕೇಳಲ್ಲ, ಎದ್ದು ಹೋಗಿ ತಗೋತಾರೆ. ಲಾಡ್ಜಿನಲ್ಲಿ ಇಳ್ಕೊಂಡಿರೋರ ಥರ ಇದ್ದಾರೆ. ಆವತ್ತು ಮೆದುಳಿಗೆ ಹತ್ತಿದ ಉರಿ ಇನ್ನೂ ಆರಿಲ್ವಾ? ನೀನು ಅದನ್ನೇ ಓದಿದವಳು. ಕಾಯಿಲೆ ಅಂದ್ರೆ ಹೇಳು, ಸಾಯೋವರೆಗೂ ನೋಡ್ಕೋತೀನಿ. ಕಾಯಿಲೆ ಅಲ್ಲ, ಇವರು ಇರೋದೇ ಹೀಗೆ ಅಂದ್ರೆ ಮಾರ್ಚ್ ಮುಗಿಯೋದ್ರೊಳಗೆ ಮಗಳ ಮನೆಗೆ ಹೊರಡ್ತೀನಿ. ಊಹೆ ಬೇಡ. ನೋಡಿ ಹೇಳು.”

‘ನೋಡಿ ಹೇಳು’ ಅಂದೆಯಲ್ಲ, ಅಲ್ಲಿ ಸಿಕ್ಕಿಹಾಕಿಕೊಂಡೆ. ಇಪ್ಪತ್ತೆರಡು ವರ್ಷದಿಂದ ಈ ಕೋಣೆಯಲ್ಲಿ ಎಲ್ಲರಿಗೂ ನಾನು ಹೇಳುತ್ತಾ ಬಂದಿರುವುದು ಅದನ್ನೇ. ಈಗ ನನಗೇ ಹೇಳಿಸಿಕೊಂಡಂತಾಯಿತು. ಸರಿ, ನೋಡುತ್ತೇನೆ. ಆದರೆ ನಾನು ನೋಡುವುದು ಹೇಗೆ ಎಂಬುದು ನಿನಗೂ ಗೊತ್ತಿರಲಿ. ಆಮೇಲೆ ‘ಏನೋ ಒಂದು ಹೇಳಿ ಸಾಗಹಾಕಿದಳು’ ಅನ್ನಬಾರದು.

ಭಾವನಿಗೆ ಕೊಟ್ಟ ಚಿಕಿತ್ಸೆ ನೆನಪಿದೆಯಲ್ಲ. ಅವರ ರಕ್ತದಲ್ಲಿದ್ದ ಕಾವಲು ಕಣಗಳನ್ನೇ ಹೊರಗೆ ತೆಗೆದು, ಕ್ಯಾನ್ಸರನ್ನು ಗುರುತು ಹಿಡಿಯುವುದನ್ನು ಅವಕ್ಕೆ ಕಲಿಸಿ, ಮತ್ತೆ ಅವರ ಮೈಗೇ ಬಿಟ್ಟರು. ಕಣಗಳು ಕೆಲಸ ಮಾಡಿದವು. ಆದರೆ ಆ ಜಗಳದಲ್ಲಿ ಅವು ಎಬ್ಬಿಸುವ ಗದ್ದಲವಿದೆ ನೋಡು, ಜ್ವರ ತರುವ ರಾಸಾಯನಿಕಗಳು, ಅವು ಕೆಲವರಲ್ಲಿ ಮೆದುಳಿನವರೆಗೂ ಹೋಗುತ್ತವೆ. ಮೆದುಳು ಊದಿಕೊಳ್ಳುತ್ತದೆ. ಮೊದಲು ಹೋಗುವುದು ಮಾತು. ಪೆನ್ನು ತೋರಿಸಿ ಇದೇನು ಎಂದು ಕೇಳಿದರೆ ಗೊತ್ತು ಎಂಬಂತೆ ನಗುತ್ತಾರೆ, ಹೆಸರು ಬರುವುದಿಲ್ಲ. ಹೆಚ್ಚಿನವರಲ್ಲಿ ಇದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಯಾಕೆ ಕೆಲವರಲ್ಲಿ ಮಾತ್ರ ಬರುತ್ತದೆ, ಬರುವ ಸುಳಿವು ಎಷ್ಟು ಮುಂಚೆ ಸಿಗುತ್ತದೆ ಎಂಬುದೇ ನನ್ನ ತಲೆ ತಿನ್ನುವ ಪ್ರಶ್ನೆ.

ಅದಕ್ಕೇ ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಒಂದು ಪರೀಕ್ಷೆ, ಹತ್ತು ಅಂಕಕ್ಕೆ. ಇದು ಯಾವ ವರ್ಷ, ಯಾವ ತಿಂಗಳು, ಇದು ಯಾವ ಊರು, ಯಾವ ಆಸ್ಪತ್ರೆ. ಮೂರು ವಸ್ತು ತೋರಿಸಿದರೆ ಹೆಸರು ಹೇಳಬೇಕು. ಎರಡು ಬೆರಳು ಎತ್ತಿ ಎಂದರೆ ಎತ್ತಬೇಕು. ನೂರರಿಂದ ಹತ್ತು ಹತ್ತು ಕಳೆಯುತ್ತಾ ಬರಬೇಕು. ಕೊನೆಗೆ ಅರ್ಧ ಹಾಳೆ ಕೊಟ್ಟು ‘ಒಂದು ವಾಕ್ಯ ಬರೀರಿ’ ಅನ್ನುತ್ತಾರೆ. ಯಾವ ವಾಕ್ಯವಾದರೂ ಸರಿ. ವಾಕ್ಯದ ಹಾಗಿದ್ದರೆ ಒಂದು ಅಂಕ, ಇಲ್ಲದಿದ್ದರೆ ಸೊನ್ನೆ.

ನನಗೆ ಆಸೆ ಹುಟ್ಟಿದ್ದು ಆ ಅರ್ಧ ಹಾಳೆಗಳ ಮೇಲೆ. ಅಂಕ ಹತ್ತಕ್ಕೆ ಹತ್ತೇ ಇರುತ್ತದೆ, ಆದರೆ ಅಕ್ಷರ ನಿನ್ನೆಗಿಂತ ಒಂದಿಷ್ಟು ಕುಗ್ಗಿರುತ್ತದೆ. ಸಾಲು ಕೊನೆಯಲ್ಲಿ ಸೊರಗಿ ಇಳಿದಿರುತ್ತದೆ. ಒತ್ತಕ್ಷರ ತನ್ನ ಅಕ್ಷರದ ಕೆಳಗೆ ನಿಲ್ಲದೆ ಬಲಕ್ಕೆ ಜಾರಿರುತ್ತದೆ. ನಿನಗೆ ನಗು ಬರಬಹುದು, ಆ ಜಾರಿದ ಒತ್ತಕ್ಷರ ಕಂಡ ದಿನ ನಾನು ಊಟ ಮರೆತೆ. ಮೂವತ್ತೊಂದು ಜನರ ಹಾಳೆಗಳನ್ನು ಹೆಸರು ಮುಚ್ಚಿ, ಬರೀ ಸಂಖ್ಯೆ ಹಾಕಿ ನನಗೆ ಕೊಟ್ಟರು. ಎರಡು ಚಳಿಗಾಲ ಕೂತು ಅಳೆದಿದ್ದೇನೆ. ಅಂಕ ಬೀಳುವುದಕ್ಕೆ ಹೆಚ್ಚುಕಡಿಮೆ ಒಂದು ಹಗಲು ಮುಂಚೆಯೇ ಅಕ್ಷರ ಬೀಳುತ್ತದೆ ಅಕ್ಕ. ಆ ಒಂದು ಹಗಲು ಸಿಕ್ಕರೆ ಔಷಧಿ ಮೊದಲೇ ಶುರು ಮಾಡಬಹುದು.

ಆ ಮೂವತ್ತೊಂದರಲ್ಲಿ ಭಾವನೂ ಒಬ್ಬರು ಎಂದು ನನಗೆ ಗೊತ್ತಿತ್ತು, ಯಾವ ಸಂಖ್ಯೆ ಎಂದು ಗೊತ್ತಿರಲಿಲ್ಲ. ಗೊತ್ತಾಗಲೂಬಾರದು, ಸ್ವಂತದವರ ಹಾಳೆ ಎಂದರೆ ಅಳತೆಪಟ್ಟಿಯೂ ಮುಲಾಜು ನೋಡುತ್ತದೆ. ಹಾಗಾಗಿ ನಾನೇ ಒಂದು ನಿಯಮ ಮಾಡಿಕೊಂಡೆ: ಹಾಳೆಗಳನ್ನೆಲ್ಲ ತಲೆಕೆಳಗು ಮಾಡಿ ಅಳೆಯುವುದು. ತಲೆಕೆಳಗಾದರೆ ಕಣ್ಣು ಓದುವುದನ್ನು ಬಿಡುತ್ತದೆ, ಗೆರೆ ಮಾತ್ರ ಕಾಣುತ್ತದೆ. ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿಯವರು ಮೆಚ್ಚಿ ತಲೆದೂಗಿದರು. ನಾನೂ ಸ್ವಲ್ಪ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಒಂದು ಕುತೂಹಲದ ಸಂಗತಿ ಹೇಳಿ ಮುಗಿಸುತ್ತೇನೆ. ಹದಿನಾಲ್ಕನೇ ಸಂಖ್ಯೆಯವರು ಪ್ರತಿ ದಿನವೂ ಹಾಳೆಯ ಎಡಗಡೆ ಮೂರು ಬೆರಳಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ಮೆದುಳಿನ ಒಂದು ಬದಿಗೆ ಪೆಟ್ಟಾದರೆ ಮನುಷ್ಯನಿಗೆ ಎಡಗಡೆಯ ಲೋಕವೇ ಇಲ್ಲವಾಗುತ್ತದೆ. ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುತ್ತದೆ. ಇದೂ ಅದೇ ಇರಬೇಕು ಎಂದು ನನ್ನ ರೆಕಾರ್ಡ್ ಪುಸ್ತಕದಲ್ಲಿ ‘ಎಡಬದಿಯ ಮರೆವು’ ಎಂದು ಬರೆದುಕೊಂಡಿದ್ದೇನೆ. ನಮ್ಮ ಅಂಕಿಅಂಶದ ಮೇಷ್ಟ್ರು ಅದಕ್ಕೆ ಪಟ್ಟಿಯಲ್ಲಿ ಒಂದು ಸಾಲನ್ನೇ ಕೊಟ್ಟಿದ್ದಾರೆ. ಇಂಥ ಊದುವಿಕೆಯ ಕಲೆ ವರ್ಷಗಟ್ಟಲೆ ಉಳಿಯಬಹುದೇ, ಸ್ವಭಾವವನ್ನೂ ಬದಲಿಸಬಹುದೇ ಎಂದು ನಾನೂ ಕೇಳಿಕೊಳ್ಳುತ್ತಿರುವ ಹೊತ್ತಿಗೇ ನಿನ್ನ ಕಾಗದ ಬಂತು.

ಅವಸರಪಟ್ಟು ಪೆಟ್ಟಿಗೆ ಕೆಳಗಿಳಿಸಬೇಡ. ಪುಟ್ಟಿಗೆ ನನ್ನ ಮುದ್ದು, ಆಶೀರ್ವಾದ. ‘ಅಮ್ಮ ಬಂದ್ರೆ ಸರಿ, ಅಪ್ಪ ಒಬ್ಬರೇ ಏನ್ಮಾಡ್ತಾರೆ?’ ಎಂದು ನನಗೂ ಮೆಸೇಜು ಹಾಕಿದ್ದಾಳೆ.

ನಿನ್ನ,
ಇಲಿ

•

ಪ್ರಯೋಗಾಲಯ, ಮೂರನೇ ಮಹಡಿ
ಮಾರ್ಚ್ 9

ಪ್ರೀತಿಯ ಅಕ್ಕ,

ನಮಸ್ಕಾರ. ಈ ಸಲವೂ ತಡವಾಯಿತು, ಕ್ಷಮಿಸು. ಹೋದ ಸಲದ ತಡಕ್ಕೆ ಸೋಮಾರಿತನವೂ ಸ್ವಲ್ಪ ಕಾರಣ, ಈ ಸಲದ್ದಕ್ಕೆ ಅಲ್ಲ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾಯಿಲೆ ಅಲ್ಲ. ಭಾವನ ಮೆದುಳಿನಲ್ಲಿ ಉರಿಯೂ ಇಲ್ಲ, ಕಲೆಯೂ ಇಲ್ಲ. ಇಷ್ಟು ಓದಿ ಕಾಗದ ಮಡಿಸಿಟ್ಟುಬಿಡಬೇಡ, ನನ್ನಾಣೆ. ಪೂರ್ತಿ ಓದು.

ನಿನಗೆ ಮೊದಲ ಕಾಗದ ಹಾಕಿದ ಮರುದಿನವೇ ವಾರ್ಡಿನ ದೊಡ್ಡ ಡಾಕ್ಟರ ಹತ್ತಿರ ಹೋದೆ. ಭಾವನ ಸ್ಕ್ಯಾನು, ಆಮೇಲಿನ ಪರೀಕ್ಷೆಗಳು ಎಲ್ಲ ನೋಡಬೇಕು ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, “ನೀವು ಅವರ ನಾದಿನಿ, ಸರಿ. ಆದ್ರೆ ರೋಗಿ ಬರೆದುಕೊಡದೆ ನಾನು ಒಂದು ಚೂರು ಕಾಗದವೂ ತೋರಿಸಲ್ಲ. ನೀವೇ ಮಾಡಿದ ರೂಲ್ಸಲ್ವಾ ಮೇಡಂ?” ಎಂದರು. ಹೌದು, ಆ ನಿಯಮದ ಸಮಿತಿಯಲ್ಲಿ ನಾನೂ ಇದ್ದೆ. ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದೆ.

“ಭಾವ, ನಿಮ್ಮ ಆಸ್ಪತ್ರೆ ಕಾಗದಪತ್ರ ಒಂದ್ಸಲ ನೋಡ್ಬೇಕಿತ್ತು.”

“ನೋಡಿ ವಿಜ್ಞಾನಿಗಳೇ, ಯಾರು ಬೇಡ ಅಂದ್ರು?”

“ಹಾಗಲ್ಲ. ನೀವು ಅರ್ಜಿ ಕೊಡ್ಬೇಕಂತೆ.”

ಆಚೆ ಕಡೆ ಮೇಜಿನ ಡ್ರಾಯರು ಎಳೆದ ಸದ್ದು. ಆಮೇಲೆ, “ಯಾರ ಹೆಸರಿಗೆ? ಪೂರ್ತಿ ಪದನಾಮ ಹೇಳು, ಬರ್ಕೋತೀನಿ” ಎಂದರು. ಎರಡು ವರ್ಷದಲ್ಲಿ ಆ ದನಿಯಲ್ಲಿ ಅಷ್ಟು ಜೀವ ಕೇಳಿದ್ದು ಅದೇ ಮೊದಲು. ಮೂವತ್ತೊಂದು ವರ್ಷ ಕಚೇರಿಯ ಟಪಾಲು ವಿಭಾಗದಲ್ಲಿ ಬಂದ ಕಾಗದಕ್ಕೆಲ್ಲ ಸಂಖ್ಯೆ ಹಾಕಿ, ಉತ್ತರ ಹೋಯಿತೋ ಇಲ್ಲವೋ ಎಂದು ಬೆನ್ನು ಹತ್ತುತ್ತಿದ್ದ ಮನುಷ್ಯ. ಅರ್ಜಿ ಎಂದರೆ ಅವರಿಗೆ ಹುರುಪು. ಯಾಕೆ, ಏನು ಎಂದು ಮಾತ್ರ ಕೇಳಲಿಲ್ಲ.

ಮೂರನೇ ದಿನ ಅರ್ಜಿ ಬಂತು. ವಿಷಯ, ಉಲ್ಲೇಖ, ಮಾನ್ಯರೇ, ಎಲ್ಲ ಅಚ್ಚುಕಟ್ಟು. ತನ್ನ ಎಲ್ಲ ದಾಖಲೆಗಳ ಪ್ರತಿ ಬೇಕು, ಅವನ್ನು ತನ್ನ ನಾದಿನಿಯ ಕೈಗೆ ಕೊಡಬಹುದು ಎಂದು ಬರೆದಿದ್ದರು. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ‘ಇದೇ ದಾಖಲೆಗಳ ಒಂದು ಪ್ರತಿಯನ್ನು ನನ್ನ ಪತ್ನಿಗೂ ಮಾಹಿತಿಗಾಗಿ ಕಳಿಸುವುದು.’ ಅದನ್ನು ಓದಿ ನಕ್ಕೆ. ಒಂದೇ ಮನೆಯಲ್ಲಿರುವ ಹೆಂಡತಿಗೆ ಆಸ್ಪತ್ರೆಯ ಮೂಲಕ ಪ್ರತಿ ಕಳಿಸುವ ಗಂಡ ಈ ಲೋಕದಲ್ಲಿ ನಿನಗೆ ಮಾತ್ರ ಸಿಕ್ಕಿದ್ದಾರೆ.

ನಗುತ್ತಲೇ ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಪಕ್ಕದಲ್ಲೇ ನನ್ನ ರೆಕಾರ್ಡ್ ಪುಸ್ತಕ ತೆರೆದಿತ್ತು. ನಗು ಅಲ್ಲಿಗೇ ನಿಂತಿತು.

ಅರ್ಜಿಯ ಎಡಗಡೆ ಮೂರು ಬೆರಳು ಜಾಗ ಖಾಲಿ.

ಅಕ್ಕ, ನಾನೆಂಥ ದಡ್ಡಿ. ಮದುವೆಯಾದ ಹೊಸದರಲ್ಲಿ ಭಾವ ತರಕಾರಿ ಚೀಟಿಗೂ ಹಾಗೇ ಅಂಚು ಬಿಡುತ್ತಿದ್ದರು. ನಾನು ಕೇಳಿದ್ದೆ, ಈ ಜಾಗ ಯಾಕೆ ಭಾವ ಎಂದು. “ಮೇಲಿನವರು ಷರಾ ಬರೆಯೋಕೆ. ಏನು ತೀರ್ಮಾನ ಅಂತ ಅವರು ಬರೆಯೋ ಜಾಗ ಅದು. ಅಂಚಿಲ್ಲದ ಕಾಗದಕ್ಕೆ ಉತ್ತರ ಬರಲ್ಲ” ಎಂದಿದ್ದರು. ನೀನು ಆ ಚೀಟಿಯ ಅಂಚಿನಲ್ಲಿ ‘ಬದನೆಕಾಯಿ ಬೇಡ’ ಎಂದು ಷರಾ ಬರೆದು ವಾಪಸು ಕೊಟ್ಟಿದ್ದೆ. ಮನೆಯವರೆಲ್ಲ ವಾರಗಟ್ಟಲೆ ನಕ್ಕಿದ್ದೆವು. ಅದನ್ನೆಲ್ಲ ಕಣ್ಣಾರೆ ಕಂಡವಳು ನಾನು, ತಲೆಕೆಳಗಾದ ಹಾಳೆಯಲ್ಲಿ ಅದೇ ಅಂಚನ್ನು ಅಳೆದು, ಮೆದುಳಿನ ಕಾಯಿಲೆ ಎಂದು ಹೆಸರಿಟ್ಟು, ಪಟ್ಟಿಗೂ ಏರಿಸಿದ್ದೇನೆ. ಆ ಅಂಚು ಮೊದಲ ದಿನದ ಹಾಳೆಯಲ್ಲೂ ಇತ್ತು, ಇನ್ನೂ ಕಣಗಳನ್ನು ಮೈಗೆ ಬಿಡುವುದಕ್ಕೆ ಮುಂಚೆ! ಅದಾದರೂ ಹೊಳೆಯಬೇಕಿತ್ತು.

ಅಂಕಿಅಂಶದ ಮೇಷ್ಟ್ರಿಗೆ ಹೇಳಿದೆ. “ನೀವು ಹೇಳಿದ್ರಿ, ನಾನು ಹಾಕಿದೆ. ಈಗ ಆ ಸಾಲು ತೆಗೆದ್ರೆ ನನ್ನ ಪಟ್ಟಿ ಕುಂಟುತ್ತೆ” ಎಂದು ಮುಖ ಊದಿಸಿಕೊಂಡರು. ಕುಂಟಲಿ ಬಿಡಿ ಎಂದೆ. ನಮ್ಮಲ್ಲಿ ಒಂದು ಕ್ರಮವಿದೆ: ರೆಕಾರ್ಡ್ ಪುಸ್ತಕದಲ್ಲಿ ತಪ್ಪನ್ನು ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನ ತಪ್ಪು ಓದಲು ಬರುತ್ತಿರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ತಾರೀಖು. ‘ಎಡಬದಿಯ ಮರೆವು’ ಎಂಬುದಕ್ಕೆ ಗೆರೆ ಎಳೆದು ‘ಕಚೇರಿಯ ಅಂಚು’ ಎಂದು ಬರೆದೆ. ಸಮಿತಿಗೂ ತಿಳಿಸಿದೆ, ಹದಿನಾಲ್ಕನೆಯವರು ಯಾರೆಂದು ನನಗೆ ಗೊತ್ತಾದ ಕಾರಣ ಅವರ ಹಾಳೆಗಳನ್ನು ಈಗ ಬೇರೆಯವರು ಹೊಸದಾಗಿ ಅಳೆಯುತ್ತಿದ್ದಾರೆ. ದೊಡ್ಡ ಡಾಕ್ಟರು ಗುಟ್ಟಿನ ಪಟ್ಟಿ ತೆಗೆದು ನೋಡಿ, ಹೌದು, ಹದಿನಾಲ್ಕು ಅವರೇ ಎಂದರು. ಸ್ಕ್ಯಾನುಗಳನ್ನೂ ತೋರಿಸಿದರು. ಚಿಕಿತ್ಸೆಯಾದ ಆರು ತಿಂಗಳಿಗೆ ಒಂದು, ವರ್ಷಕ್ಕೆ ಇನ್ನೊಂದು, ಎರಡೂ ಕನ್ನಡಿಯ ಹಾಗಿವೆ. ನೆನಪಿನ ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುತ್ತಾ ತಡವರಿಸದೆ ಬಂದಿದ್ದಾರೆ. “ಇಷ್ಟು ಒಳ್ಳೆ ಮೆದುಳು ಈ ವಾರ್ಡಿನಲ್ಲಿ ಇನ್ಯಾರಿಗೂ ಇಲ್ಲ, ನನ್ನನ್ನೂ ಸೇರಿಸಿ” ಎಂದರು ಡಾಕ್ಟರು.

ಹಾಗಾದರೆ ಬಾಗಿಲು ತಟ್ಟುವುದು ಯಾಕೆ? ಉಪ್ಪು ಕೇಳದಿರುವುದು ಯಾಕೆ? ಇಷ್ಟಾದರೂ ನನಗೆ ಅದು ಬಗೆಹರಿದಿರಲಿಲ್ಲ. ಅರ್ಜಿಯ ಪ್ರಕಾರ ಅರ್ಧ ಹಾಳೆಗಳ ಪ್ರತಿಗಳೂ ನನ್ನ ಕೈಗೆ ಬಂದಿದ್ದವು. ಅವನ್ನು ಕಿಟಕಿಯ ಹತ್ತಿರ ಒಯ್ದು, ಎರಡು ಚಳಿಗಾಲದಲ್ಲಿ ಮೊದಲ ಬಾರಿಗೆ ನೆಟ್ಟಗೆ ಹಿಡಿದು ಓದಿದೆ. ಒಂದೊಂದಾಗಿ ನಿನಗೂ ಓದುತ್ತೇನೆ.

ಮೊದಲ ದಿನ: ‘ಈ ದಿನ ಬೆಳಿಗ್ಗೆ ಆರು ಗಂಟೆಗೆ ಒಂದು ಪೆನ್ನು ಮತ್ತು ಅರ್ಧ ಹಾಳೆ ತಲುಪಿದೆ.’

ಎರಡನೇ ದಿನ: ‘ನಿನ್ನೆಯ ನನ್ನ ವಾಕ್ಯಕ್ಕೆ ಇನ್ನೂ ಉತ್ತರ ಬಂದಿಲ್ಲ.’ ಇಲ್ಲಿ ನಾನು ಜೋರಾಗಿ ನಕ್ಕುಬಿಟ್ಟೆ, ಮೇಷ್ಟ್ರು ತಿರುಗಿ ನೋಡಿದರು.

ಮೂರನೇ ದಿನ: ‘ಕಿಟಕಿಯ ಹೊರಗೆ ಬಣ್ಣ ಬಳಿಯುವವನೊಬ್ಬ ಹಗ್ಗದಲ್ಲಿ ನೇತಾಡುತ್ತಿದ್ದಾನೆ, ಅವನಿಗಿಲ್ಲದ ಭಯ ನನಗಾಗುತ್ತಿದೆ.’

ನಾಲ್ಕನೇ ದಿನ: ‘ಮಾತು ಕೈತಪ್ಪುತ್ತಿರುವಂತೆ ತೋರುತ್ತಿದೆ, ಅದಕ್ಕೆ ಮೊದಲು ಒಂದು ವಿಷಯ ಹೇಳುವುದಿರುವುದರಿಂದ ನನ್ನ ಹೆಂಡತಿಯನ್ನು ಇವತ್ತೇ ಕರೆಸಿಕೊಡಬೇಕಾಗಿ ವಿನಂತಿ.’

ಅಕ್ಷರ ಹಿಂದಿನ ದಿನಕ್ಕಿಂತ ಐದರಲ್ಲಿ ಒಂದು ಪಾಲು ಕುಗ್ಗಿದೆ. ಒತ್ತಕ್ಷರಗಳು ಜಾರಿವೆ. ಅಳತೆ ನನ್ನದೇ, ಮರೆಯಲು ಸಾಧ್ಯವಿಲ್ಲ. ಆ ದಿನದ ಅಂಕ ಹತ್ತಕ್ಕೆ ಹತ್ತು. ವಾಕ್ಯ ಪೂರ್ತಿಯಾಗಿತ್ತಲ್ಲ, ಅದಕ್ಕೂ ಒಂದು ಅಂಕ ಸಿಕ್ಕಿದೆ.

ಐದನೇ ದಿನ: ‘ನೆನಪೋಲೆ. ನನ್ನ ಹೆಂಡತಿ’, ಅಷ್ಟೇ. ಸಾಲು ಹಾಳೆಯ ಮೂಲೆಗೆ ಇಳಿದುಹೋಗಿದೆ. ಕಾಗದಕ್ಕೆ ಉತ್ತರ ಬಾರದಿದ್ದಾಗ ಕಚೇರಿಯಿಂದ ಕಳಿಸುತ್ತಾರಲ್ಲ, ಆ ನೆನಪೋಲೆ. ಆರನೇ ದಿನ ಅಕ್ಷರವೇ ಇಲ್ಲ, ನಾಲ್ಕು ಗೀಟು. ಆದರೆ ಅಕ್ಕ, ಆ ಗೀಟುಗಳೂ ಮೂರು ಬೆರಳು ಬಿಟ್ಟು ಬಲಗಡೆಯೇ ಇವೆ. ಅಕ್ಷರವೆಲ್ಲ ಮರೆತ ಮೇಲೂ ಆ ಮನುಷ್ಯ ಉತ್ತರಕ್ಕೆ ಜಾಗ ಬಿಟ್ಟಿದ್ದಾರೆ. ಅಲ್ಲಿಗೆ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ.

ಆ ಹಾಳೆಗಳನ್ನು ದಿನಾ ತೆಗೆದುಕೊಂಡು ಹೋಗುತ್ತಿದ್ದ ನರ್ಸ್ ಈಗಲೂ ಅದೇ ವಾರ್ಡಿನಲ್ಲಿದ್ದಾರೆ. ಆರು ಎಂದರೆ ಆರಕ್ಕೇ ಬರುವುದರಿಂದ ಎಲ್ಲರೂ ಗಡಿಯಾರದ ಸಿಸ್ಟರ್ ಎನ್ನುತ್ತಾರೆ. ಜಗಳವಾಡಬೇಕು ಎಂದೇ ಹೋದೆ. ಆಕೆ ಹಾಳೆಯನ್ನು ಎರಡು ಸಲ ಓದಿದರು. “ನಾನು ವಾಕ್ಯ ಇದೆಯಾ ಅಂತ ನೋಡ್ತೀನಿ ಮೇಡಂ, ವಾಕ್ಯದಲ್ಲಿ ಏನಿದೆ ಅಂತ ನೋಡಲ್ಲ. ಎಲ್ಲರೂ ಹೀಗೇ ಬರೀತಾರೆ. ‘ಮನೆಗೆ ಕಳಿಸಿ’ ಅಂತ ಬರೆದೋರನ್ನೆಲ್ಲ ಕಳಿಸ್ತಾ ಹೋದ್ರೆ ವಾರ್ಡೇ ಖಾಲಿ. ಆದ್ರೆ ಇವರು ನಿಜವಾಗ್ಲೂ ಅರ್ಜಿ ಕೊಟ್ಟಿದ್ರು ಅಂತ ನನಗೇನು ಗೊತ್ತು?” ಎಂದರು. ಅವರನ್ನು ಹೇಗೆ ಬೈಯಲಿ? ಅವರಾದರೂ ಹಾಳೆಯನ್ನು ನೆಟ್ಟಗೆ ಹಿಡಿದಿದ್ದರು. ಈಗ ಅವರೇ ಮುಂದೆ ನಿಂತು ಆ ಅರ್ಧ ಹಾಳೆಯ ಕೆಳಗೆ ‘ಓದಿದವರ ಸಹಿ’ ಎಂದು ಒಂದು ಗೆರೆ ಹಾಕಿಸಿದ್ದಾರೆ. ಹೋದ ವಾರ ಮೆಕ್ಯಾನಿಕ್ ಒಬ್ಬರು ‘ಕಾಲಿಗೆ ಚಳಿ’ ಎಂದು ಬರೆದರಂತೆ, ಹತ್ತು ನಿಮಿಷದಲ್ಲಿ ಕಂಬಳಿ ಬಂತಂತೆ.

ಈಗ ನೀನೇ ಜೋಡಿಸಿಕೋ. ಭಾವನ ಲೆಕ್ಕದಲ್ಲಿ, ಕೇಳಿದವರಿಗೆ ಕೇಳಿದ ರೀತಿಯಲ್ಲಿ ಬರೆದುಕೊಟ್ಟಿದ್ದಾರೆ. ಸಮವಸ್ತ್ರದಲ್ಲಿದ್ದವರು ಬಂದು ಗಂಭೀರವಾಗಿ ತೆಗೆದುಕೊಂಡು ಹೋಗಿದ್ದಾರೆ. ಅಂದರೆ ಕಾಗದ ತಲುಪಿದೆ. ಹೆಂಡತಿ ಬರಲಿಲ್ಲ. ಮರುದಿನ ನೀನು ಬರುವಷ್ಟರಲ್ಲಿ ಅವರಿಗೆ ಯಾರ ಗುರುತೂ ಇರಲಿಲ್ಲ. ಆಗ ನಿನ್ನನ್ನು ಒಳಗೆ ಬಿಟ್ಟರು, ಅಲ್ಲಿಂದ ಒಂಬತ್ತು ದಿನ ನೀನು ಅವರ ಕೈ ಹಿಡಿದು ಕೂತಿದ್ದೆ, ಅದರಲ್ಲಿ ಒಂದು ಗಳಿಗೆಯೂ ಅವರ ನೆನಪಿನಲ್ಲಿಲ್ಲ. ಅವರ ನೆನಪು ನಿಂತಿರುವುದು ನೀನು ಬಾರದ ದಿನದ ಮೇಲೆ. ಇನ್ನೊಬ್ಬರಾಗಿದ್ದರೆ ಮನೆಗೆ ಬಂದ ದಿನವೇ ಯಾಕೆ ಬರಲಿಲ್ಲ ಎಂದು ರಂಪ ಮಾಡುತ್ತಿದ್ದರು. ಇವರು ಒಂದು ವಿನಂತಿ, ಒಂದು ನೆನಪೋಲೆ ಆದಮೇಲೆ ಮೂರನೆಯದು ಬರೆಯುವವರಲ್ಲ. ಅದಕ್ಕೇ ಉಪ್ಪು ಕೂಡ ಕೇಳುವುದಿಲ್ಲ.

ನೀನು ಆ ದಿನ ಯಾಕೆ ಬರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತು. ಮೂರು ದಿನ ವಾರ್ಡಿನ ಬೆಂಚಿನ ಮೇಲೆ ಕೂತು ನಿನ್ನ ಕಾಲು ಊದಿತ್ತು. ಆದರೂ ಬೆಳಿಗ್ಗೆ ತಲೆ ಬಾಚಿ, ಫ್ಲಾಸ್ಕು ತುಂಬಿಸಿ, ನಮ್ಮ ಮನೆ ಹೊಸಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ನಾನು ಆಗಷ್ಟೇ ವಾರ್ಡಿಗೆ ಫೋನ್ ಮಾಡಿ ಕೇಳಿಕೊಂಡಿದ್ದೆ. “ಹತ್ತಕ್ಕೆ ಹತ್ತು ಅಕ್ಕ, ಭಾವ ಗುಂಡುಕಲ್ಲಿನ ಥರ ಇದ್ದಾರೆ, ಇವತ್ತು ಮಲಗು” ಎಂದು ನಿನ್ನ ಚಪ್ಪಲಿ ಎತ್ತಿ ಕಪಾಟಿನ ಮೇಲಿಟ್ಟೆ. ನೀನು ಸಂಜೆವರೆಗೂ ಮಲಗಿದ್ದೆ. ನಿನ್ನನ್ನು ಮಲಗಿಸಿದ ಆ ಹತ್ತರಲ್ಲಿ ಒಂದು ಅಂಕ ನಿನ್ನನ್ನೇ ಕರೆದ ವಾಕ್ಯದ್ದು.

ಅವರಿಗೆ ಹೇಳುವುದಿದ್ದ ಆ ಒಂದು ವಿಷಯ ಯಾವುದು? ಎರಡು ವಾರದಿಂದ ಅದೇ ನನ್ನ ತಲೆಯಲ್ಲಿ ಗುಂಯ್‌ಗುಡುತ್ತಿದೆ. ನಿನಗೆ ಗೊತ್ತು, ಮುಚ್ಚಿದ ಡಬ್ಬಿ ಕಂಡರೆ ಅಲ್ಲಾಡಿಸಿ ನೋಡದೆ ಬಿಡುವವಳಲ್ಲ ನಾನು. ಆದರೆ ಇದಕ್ಕೆ ನಾನು ಮೂಗು ತೂರಿಸುವುದಿಲ್ಲ. ಅದು ನಿನಗೆ ಬರೆದ ಕಾಗದ. ನೀನು ಕೇಳು. ಮಗಳ ಮನೆಗೆ ಹೋಗುವುದೋ ಬಿಡುವುದೋ, ಕೇಳಿದ ಮೇಲೆ ತೀರ್ಮಾನ ಮಾಡು. ಆಗ ಹೊರಟರೂ ನಾನೇ ಬಂದು ಪೆಟ್ಟಿಗೆ ಕಟ್ಟುತ್ತೇನೆ.

ಪುಟ್ಟಿಗೆ ನನ್ನ ಆಶೀರ್ವಾದ; ಸದ್ಯಕ್ಕೆ ಟಿಕೆಟ್ ಮಾಡಿಸಬೇಡ ಎಂದು ಹೇಳು. ನಿನ್ನ ಕಾಲು ಇನ್ನೂ ಊದುತ್ತಿದ್ದರೆ ದಿಂಬಿನ ಮೇಲಿಟ್ಟು ಮಲಗು. ಭಾವನ ಆರೋಗ್ಯ ಹೀಗೇ ಗಟ್ಟಿಯಾಗಿರಲಿ, ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಚಿಕ್ಕವಳು ಹರಸಬಾರದು ಎನ್ನುತ್ತೀಯೇನೋ, ಈ ಒಂದು ಸಲ ಹರಸುತ್ತಿದ್ದೇನೆ. ನಿನ್ನ ಆಶೀರ್ವಾದ ನನಗೂ ಇರಲಿ. ತಾ.ಕ. ಓದಿದ ಮೇಲೂ ಇರಲಿ.

ನಿನ್ನ,
ಇಲಿ

ತಾ.ಕ.: ಇದನ್ನು ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ. ಹರಿಯಬಾರದೆಂದು ಊರಿಗೆಲ್ಲ ಪಾಠ ಹೇಳುವವಳು ನಾನು.

ಆ ನಾಲ್ಕನೇ ದಿನ ಹನ್ನೊಂದು ಗಂಟೆಗೆ, ನೀನು ಮಲಗಿದ್ದಾಗ, ನಾನು ವಾರ್ಡಿನ ಗಾಜಿನ ಹತ್ತಿರ ಹೋಗಿದ್ದೆ. ಒಳಗೆ ಮೊಬೈಲು ಬಿಡುತ್ತಿರಲಿಲ್ಲ; ಗಾಜಿನ ಈಚೆ ಒಂದು ಫೋನು, ಆಚೆ ಒಂದು ಫೋನು, ಅಷ್ಟೇ. ಭಾವ ಎತ್ತಿಕೊಂಡು ಮೊದಲು ಕೇಳಿದ್ದೇ “ಅವಳೆಲ್ಲಿ?” ಎಂದು. ನಾನೇ ಬಲವಂತವಾಗಿ ಮಲಗಿಸಿ ಬಂದೆ ಎಂದಿದ್ದರೆ ಅವರು ನನ್ನನ್ನು ಗದರುತ್ತಿದ್ದರು, ಅಷ್ಟೇ. ಆ ಗದರಿಕೆಯಿಂದ ತಪ್ಪಿಸಿಕೊಳ್ಳಲು, “ಅಕ್ಕ ಇವತ್ತು ಬರಲ್ಲ ಅಂದ್ಲು ಭಾವ” ಎಂದೆ. ನೀನು ಹಾಗೆ ಅಂದಿರಲಿಲ್ಲ. ನೀನು ಚಪ್ಪಲಿ ಹುಡುಕುತ್ತಿದ್ದೆ. “ಹಾಗಂದ್ಲಾ?” ಎಂದರು. “ಹೂಂ” ಎಂದೆ. ಅವರು ಸರಿ ಎಂದು ಫೋನ್ ಇಟ್ಟರು. ನಾನು ಆ ಮಾತನ್ನು ಲಿಫ್ಟ್ ಹತ್ತುವಷ್ಟರಲ್ಲಿ ಮರೆತೆ. ಎರಡು ವರ್ಷ ಮರೆತೇ ಇದ್ದೆ, ಆ ಹಾಳೆಯನ್ನು ನೆಟ್ಟಗೆ ಹಿಡಿಯುವವರೆಗೆ.

ಆದರೂ ಮರುದಿನ ಬೆಳಿಗ್ಗೆ ಅವರು ನೆನಪೋಲೆ ಬರೆದಿದ್ದಾರೆ ಅಕ್ಕ. ನನ್ನ ಮಾತನ್ನು ನಂಬಿರಲಿಲ್ಲವೋ, ನಂಬಲು ಮನಸ್ಸಾಗಲಿಲ್ಲವೋ.

ನಾಲ್ಕನೇ ದಿನದ ಹಾಳೆಯ ಪ್ರತಿ ಇದರ ಜೊತೆಗಿದೆ. ಅವರು ಬಿಟ್ಟ ಮೂರು ಬೆರಳು ಜಾಗದಲ್ಲಿ ನಾನು ಷರಾ ಬರೆದಿದ್ದೇನೆ: ‘ಈ ವಿನಂತಿ ಅಕ್ಕನಿಗೆ ತಲುಪಲೇ ಇಲ್ಲ. ಬರಲ್ಲ ಅಂದದ್ದು ಅವಳಲ್ಲ, ಅವಳ ಹೆಸರಿನಲ್ಲಿ ನಾನು.’ ಸಹಿ ಹಾಕಿದ್ದೇನೆ, ತಾರೀಖೂ ಬರೆದಿದ್ದೇನೆ. ಅದನ್ನು ನೀನೇ ಒಯ್ದು ಅವರ ಕೈಗೆ ಕೊಡು. ಬಾಗಿಲು ತಟ್ಟಬೇಡ, ಸೀದಾ ಒಳಗೆ ಹೋಗು.